ಇಡಿಟರಾಡ್ ನೋಡುವುದು ಹೇಗೆ: ಮೊದಲು ನಿದ್ದೆಯ ಲೆಕ್ಕ ಕಲಿಯಿರಿ

ಮಾರ್ಚ್ ತಿಂಗಳ ಮೊದಲ ಶನಿವಾರ ಬಂತೆಂದರೆ ಮುಂದಿನ ಎರಡು ವಾರ ನನ್ನ ನಿದ್ದೆ ಕೆಟ್ಟಿತು ಅಂತಲೇ ಲೆಕ್ಕ. ಅಲಾಸ್ಕಾದ ಆಂಕರೇಜ್‌ನಲ್ಲಿ ಅವತ್ತು ಇಡಿಟರಾಡ್ ಶುರುವಾಗುತ್ತದೆ. ನಾಯಿಗಳು ಹಿಮದ ಮೇಲೆ ಸ್ಲೆಡ್ ಎಳೆದುಕೊಂಡು ಸುಮಾರು ಸಾವಿರ ಮೈಲಿ, ಅಂದರೆ 1,600 ಕಿಲೋಮೀಟರ್ ದೂರದ ನೋಮ್ ಎಂಬ ಕಡಲತಡಿಯ ಊರಿಗೆ ಹೋಗುವ ಓಟ ಇದು. ಗೆಲ್ಲುವವರಿಗೇ ಒಂಬತ್ತು ಹತ್ತು ದಿನ ಬೇಕು. ಕ್ರೀಡಾಂಗಣ ಇಲ್ಲ, ಕಾಮೆಂಟರಿ ಇಲ್ಲ, ದಾರಿಯ ಬಹುಪಾಲಿನಲ್ಲಿ ಕ್ಯಾಮೆರಾನೂ ಇಲ್ಲ. ನಿಮ್ಮೆದುರು ಇರುವುದು ಒಂದು ನಕ್ಷೆ ಮತ್ತು ಅದರ ಮೇಲೆ ತೆವಳುವ ಮೂವತ್ತು ನಲವತ್ತು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದು ತಂಡ, ಅಂದರೆ ಸ್ಲೆಡ್ ನಡೆಸುವ ಒಬ್ಬರು ಮತ್ತು ಅವರ ನಾಯಿಗಳು. ಚುಕ್ಕೆ ಓದಲು ಬರುವವರೆಗೆ ಇದು ಬೇಜಾರಿನ ಕೆಲಸವೇ, ಒಪ್ಪುತ್ತೇನೆ. ಓದುವುದು ಹೇಗೆ ಅಂತ ಹೇಳೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮೊದಲ ವರ್ಷದ ಪೆದ್ದುತನದಿಂದಲೇ ಶುರು ಮಾಡುತ್ತೇನೆ. ನಕ್ಷೆಯಲ್ಲಿ ಎಲ್ಲರಿಗಿಂತ ಮುಂದಿದ್ದ ಚುಕ್ಕೆಯನ್ನು ಆರಿಸಿಕೊಂಡು ಮೂರು ದಿನ ಅದಕ್ಕೇ ಜೈ ಅಂದೆ. ನಾಲ್ಕನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಚುಕ್ಕೆ ಒಂದು ಊರಲ್ಲಿ ನಿಂತುಬಿಟ್ಟಿದೆ, ಮಧ್ಯಾಹ್ನವೂ ಅಲ್ಲೇ, ರಾತ್ರಿಯೂ ಅಲ್ಲೇ, ಒಂದರ ಹಿಂದೆ ಒಂದು ಎಂಟು ತಂಡ ಅದನ್ನು ದಾಟಿ ಹೋದವು. ಏನೋ ಅನಾಹುತ ಆಗಿದೆ ಅಂತ ಗಾಬರಿಯಾದೆ. ಅನಾಹುತ ಏನೂ ಇರಲಿಲ್ಲ. ಅವರು ಕಡ್ಡಾಯ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದರು, ಅಷ್ಟೇ. ದಾಟಿ ಹೋದ ಎಂಟರಲ್ಲಿ ಆರು ತಂಡಗಳು ಅದನ್ನು ಆಗಲೇ ಮುಗಿಸಿದ್ದವು. ಅಂದರೆ ನನ್ನ ನಾಯಕ ಮೂರು ದಿನವೂ ನಾಯಕನೇ ಆಗಿರಲಿಲ್ಲ!

ಆದ್ದರಿಂದ ಮೊದಲ ಪಾಠ: ಈ ಓಟದಲ್ಲಿ ಯಾರು ಎಷ್ಟು ಓಡಿದರು ಅನ್ನುವುದಕ್ಕಿಂತ ಯಾರು ಎಷ್ಟು ಮಲಗಿದರು ಅನ್ನುವುದನ್ನು ನೋಡಬೇಕು. ನಿಯಮದ ಪ್ರಕಾರ ಪ್ರತಿ ತಂಡ ದಾರಿಯಲ್ಲಿ ಯಾವುದಾದರೂ ಒಂದು ಚೆಕ್‌ಪಾಯಿಂಟ್‌ನಲ್ಲಿ 24 ಗಂಟೆ ನಿಲ್ಲಲೇಬೇಕು. ಎಲ್ಲಿ ಅನ್ನುವುದು ಅವರವರ ಇಷ್ಟ. ಇದಲ್ಲದೆ ಯೂಕಾನ್ ನದಿಯ ಮೇಲಿನ ಒಂದು ಚೆಕ್‌ಪಾಯಿಂಟ್‌ನಲ್ಲಿ 8 ಗಂಟೆ, ಕೊನೆಯ ಹಂತದಲ್ಲಿ ವೈಟ್ ಮೌಂಟನ್‌ನಲ್ಲಿ ಇನ್ನೊಂದು 8 ಗಂಟೆ. ಅಭಿಮಾನಿಗಳ ಭಾಷೆಯಲ್ಲಿ ಇವು 'ಇಪ್ಪತ್ನಾಲ್ಕು' ಮತ್ತು 'ಎಂಟು'. "ಅವಳ ಇಪ್ಪತ್ನಾಲ್ಕು ಆಯ್ತಾ?" ಅಂತ ಯಾರಾದರೂ ಕೇಳಿದರೆ ವಯಸ್ಸಿನ ಮಾತಲ್ಲ, ಇದು.

ಈಗ ಒಂದು ಸಣ್ಣ ಲೆಕ್ಕ. ಒಳ್ಳೆಯ ತಂಡ ಓಡುವಾಗ ಗಂಟೆಗೆ ಎಂಟೊಂಬತ್ತು ಮೈಲಿ ಹೋಗುತ್ತದೆ, ಆದರೆ ಓಡಿದಷ್ಟೇ ಹೊತ್ತು ಮಲಗುತ್ತದೆ ಕೂಡ. ಹಾಗಾಗಿ ದಿನವಿಡೀ ಸರಾಸರಿ ಹಿಡಿದರೆ ಗಂಟೆಗೆ ನಾಲ್ಕು ಮೈಲಿ ಚಿಲ್ಲರೆ. 24 ಗಂಟೆಗೆ ಅದು ಸುಮಾರು 100 ಮೈಲಿ ಆಯಿತು. ಇಪ್ಪತ್ನಾಲ್ಕು ಮುಗಿಸದೆ ಮುಂದೆ ಓಡುತ್ತಿರುವವರು ನಕ್ಷೆಯಲ್ಲಿ 100 ಮೈಲಿ ಮುಂದೆ ಕಂಡರೂ, ಮುಗಿಸಿ ಹಿಂದೆ ಬರುತ್ತಿರುವವರ ಜೊತೆ ನಿಜಕ್ಕೂ ಸರಿಸಮ. 60 ಮೈಲಿಯಷ್ಟೇ ಮುಂದಿದ್ದರೆ ಅವರು ಹಿಂದಿದ್ದಾರೆ ಅಂತಲೇ ತಿಳಿಯಿರಿ. ಇದೊಂದು ಲೆಕ್ಕ ತಲೆಗೆ ಹೋದರೆ ಅರ್ಧ ಕೆಲಸ ಮುಗಿಯಿತು.

ಇನ್ನೊಂದು ಚಿಕ್ಕ ತಿರುವು ಇದೆ. ತಂಡಗಳು ಒಟ್ಟಿಗೆ ಹೊರಡುವುದಿಲ್ಲ, ಎರಡೆರಡು ನಿಮಿಷ ಬಿಟ್ಟು ಒಂದೊಂದಾಗಿ ಹೊರಡುತ್ತವೆ. ಒಂದನೇ ನಂಬರ್ ಗೌರವಕ್ಕೆ ಮೀಸಲು, ನಿಜವಾಗಿ ಮೊದಲು ಹೊರಡುವುದು ಎರಡನೇ ನಂಬರ್. 35 ತಂಡಗಳಿದ್ದರೆ ಮೊದಲನೆಯದಕ್ಕೂ ಕೊನೆಯದಕ್ಕೂ 68 ನಿಮಿಷದ ಅಂತರ. ಈ ಬಾಕಿಯನ್ನು ಇಪ್ಪತ್ನಾಲ್ಕರ ಹೊತ್ತಿನಲ್ಲೇ ಚುಕ್ತಾ ಮಾಡುತ್ತಾರೆ. ಕೊನೆಗೆ ಹೊರಟವರು ಸರಿಯಾಗಿ 24 ಗಂಟೆ ನಿಂತರೆ, ಮೊದಲು ಹೊರಟವರು 25 ಗಂಟೆ 8 ನಿಮಿಷ ನಿಲ್ಲಬೇಕು. ಎಲ್ಲರ ಇಪ್ಪತ್ನಾಲ್ಕು ಮುಗಿಯುವವರೆಗೆ ಪಟ್ಟಿಯಲ್ಲಿ ಕಾಣುವ ಸ್ಥಾನಕ್ಕೆ ಜಾಸ್ತಿ ಬೆಲೆ ಕೊಡಬೇಡಿ.

ಶನಿವಾರ ಆಂಕರೇಜ್‌ನ ಬೀದಿಯಲ್ಲಿ ನಡೆಯುವುದು ಬರೀ ಮೆರವಣಿಗೆ, ಅದರ ಸಮಯ ಲೆಕ್ಕಕ್ಕಿಲ್ಲ. ನಿಜವಾದ ಓಟ ಸಾಮಾನ್ಯವಾಗಿ ಮರುದಿನ ಭಾನುವಾರ ವಿಲೋ ಎಂಬಲ್ಲಿಂದ. ಹಿಮ ಸಾಲದ ವರ್ಷ ಒಳನಾಡಿನ ಫೇರ್‌ಬ್ಯಾಂಕ್ಸ್‌ನಿಂದ ಹೊರಟದ್ದೂ ಇದೆ: 2003, 2015, 2017, 2025. ಅಂಥ ವರ್ಷದ ಸಮಯವನ್ನು ಬೇರೆ ವರ್ಷದ ಜೊತೆ ಹೋಲಿಸಲು ಹೋಗಬೇಡಿ, ದಾರಿಯೇ ಬೇರೆ. 2017ರಲ್ಲಿ ಮಿಚ್ ಸೀವಿ 8 ದಿನ 3 ಗಂಟೆ ಚಿಲ್ಲರೆಯಲ್ಲಿ ಮುಗಿಸಿದ್ದು ಫೇರ್‌ಬ್ಯಾಂಕ್ಸ್‌ನಿಂದ ಹೊರಟು, ನದಿಯ ಮಟ್ಟಸದ ಹಾದಿಯಲ್ಲಿ. 2025ರಲ್ಲೂ ಫೇರ್‌ಬ್ಯಾಂಕ್ಸೇ, ಆದರೆ ದಾರಿಯನ್ನು 1,128 ಮೈಲಿಗೆ ಎಳೆದಿದ್ದರು, ಗೆದ್ದ ಜೆಸ್ಸಿ ಹೋಮ್ಸ್‌ಗೆ ಹತ್ತೂವರೆ ದಿನ ಬೇಕಾಯಿತು. ಮಾಮೂಲಿ ವರ್ಷಗಳಲ್ಲೂ ಎರಡು ದಾರಿ ಇವೆ. ಸಮಸಂಖ್ಯೆಯ ವರ್ಷ ಉತ್ತರದ ದಾರಿ, ಬೆಸಸಂಖ್ಯೆಯ ವರ್ಷ ದಕ್ಷಿಣದ ದಾರಿ. ಓಫಿರ್ ಎಂಬಲ್ಲಿ ಕವಲೊಡೆದು ಕಾಲ್ಟಾಗ್‌ನಲ್ಲಿ ಸೇರುತ್ತವೆ. ಇಡಿಟರಾಡ್ ಅನ್ನುವ ಹೆಸರು ಕೊಟ್ಟ ಹಳೇ ಚಿನ್ನದ ಗಣಿಯ ಊರು ದಕ್ಷಿಣದ ದಾರಿಯಲ್ಲಿದೆ, ಈಗ ಅಲ್ಲಿ ಯಾರೂ ವಾಸವಿಲ್ಲ.

ಏನೇನು ತೆರೆದಿಟ್ಟುಕೊಳ್ಳಬೇಕು? ಓಟದ ಅಧಿಕೃತ ಜಾಲತಾಣದಲ್ಲಿ ಸ್ಥಾನಪಟ್ಟಿ ಸಿಗುತ್ತದೆ. ಜಿಪಿಎಸ್ ಟ್ರ್ಯಾಕರ್ ಮತ್ತು ವಿಡಿಯೋ ಬೇಕೆಂದರೆ 'ಇನ್‌ಸೈಡರ್' ಎಂಬ ಚಂದಾ ಇದೆ. ಮೊದಲ ವರ್ಷವೇ ದುಡ್ಡು ಸುರಿಯಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಬರೀ ಪಟ್ಟಿ ಓದಿಯೇ ಬೇಕಾದಷ್ಟು ತಿಳಿಯುತ್ತದೆ. ನೋಮ್ ಊರಿನ ಕೆಎನ್‌ಒಎಂ ರೇಡಿಯೋದ ವರದಿಗಳನ್ನು ಮಾತ್ರ ಬಿಡಬೇಡಿ. ಇನ್ನು ಗಡಿಯಾರ. ಎಲ್ಲ ಸಮಯವೂ ಅಲಾಸ್ಕಾದ್ದು. ಗ್ರೀನಿಚ್‌ಗಿಂತ 9 ಗಂಟೆ ಹಿಂದೆ ಇರುವ ಅಲ್ಲಿನ ಗಡಿಯಾರವನ್ನು ಮಾರ್ಚ್‌ನ ಎರಡನೇ ಭಾನುವಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಆಮೇಲೆ ವ್ಯತ್ಯಾಸ 8 ಗಂಟೆ. ಸಾಮಾನ್ಯವಾಗಿ ಇದು ಓಟದ ನಡುವೆಯೇ ಬರುತ್ತದೆ. ಅವತ್ತು "ಇವನು ಒಂದು ಗಂಟೆ ಹೇಗೆ ಕಳೆದುಕೊಂಡ?" ಅಂತ ತಲೆ ಕೆರೆದುಕೊಳ್ಳುವ ಹೊಸಬರು ಪ್ರತಿ ವರ್ಷ ಇರುತ್ತಾರೆ. ನಾನೂ ಕೆರೆದುಕೊಂಡಿದ್ದೇನೆ.

ಪಟ್ಟಿಯಲ್ಲಿ ಪ್ರತಿ ಚೆಕ್‌ಪಾಯಿಂಟ್‌ಗೆ ಬಂದ ಸಮಯ, ಹೊರಟ ಸಮಯ ಮತ್ತು ಎರಡೂ ಹೊತ್ತಿನ ನಾಯಿಗಳ ಸಂಖ್ಯೆ ಇರುತ್ತದೆ. ಒಂದು ನೋಟ್‌ಬುಕ್ ತೆಗೆದುಕೊಂಡು ನಿಮಗೆ ಬೇಕಾದ ಐದಾರು ತಂಡಗಳನ್ನು ಮಾತ್ರ ಬರೆದುಕೊಳ್ಳಿ. ಎಲ್ಲರನ್ನೂ ಹಿಡಿಯಲು ಹೋದರೆ ಯಾರೂ ಸಿಗುವುದಿಲ್ಲ. ಓಡಿದ ಗಂಟೆ, ನಿಂತ ಗಂಟೆ, ಹೊರಟಾಗ ಎಷ್ಟು ನಾಯಿ, ಇಷ್ಟು ಸಾಕು. ಎರಡು ದಿನದಲ್ಲಿ ಒಬ್ಬೊಬ್ಬರ ತಾಳ ನಿಮಗೇ ಗೊತ್ತಾಗುತ್ತದೆ. ಒಬ್ಬರು ಆರು ಗಂಟೆ ಓಟ, ಆರು ಗಂಟೆ ನಿದ್ದೆ ಅಂತ ಗಡಿಯಾರದ ಹಾಗೆ ಹೋಗುತ್ತಾರೆ. ಇನ್ನೊಬ್ಬರು ಶುರುವಿನಲ್ಲೇ ಹತ್ತು ಗಂಟೆ ಎಳೆಸಿ ಎಲ್ಲರನ್ನೂ ಹೆದರಿಸುತ್ತಾರೆ. ಆಮೇಲೆ ಒಂದೇ ದೂರದ ಹಾದಿಗೆ ಯಾರು ಎಷ್ಟು ಹೊತ್ತು ತೆಗೆದುಕೊಂಡರು ಅಂತ ಹೋಲಿಸಿ. ಐದನೇ ದಿನದ ಹೊತ್ತಿಗೆ ಒಬ್ಬರ ವೇಗ ಗಂಟೆಗೆ ಒಂಬತ್ತರಿಂದ ಏಳಕ್ಕೆ ಇಳಿದಿದ್ದರೆ, ಇನ್ನೊಬ್ಬರದು ಎಂಟರಲ್ಲೇ ನಿಂತಿದ್ದರೆ, ಎರಡನೆಯವರ ಮೇಲೆ ಕಣ್ಣಿಡಿ, ಈಗ ಮೂರು ಗಂಟೆ ಹಿಂದಿದ್ದರೂ ಪರವಾಗಿಲ್ಲ.

ಚುಕ್ಕೆ ದಾರಿ ಮಧ್ಯೆ ನಿಂತರೆ ತಕ್ಷಣ ಕಂಗಾಲಾಗಬೇಡಿ. ಎಷ್ಟೋ ಮಷರ್‌ಗಳು (ಸ್ಲೆಡ್ ನಡೆಸುವವರನ್ನು ಹಾಗೆ ಕರೆಯುತ್ತಾರೆ) ಚೆಕ್‌ಪಾಯಿಂಟ್‌ನ ಗದ್ದಲ ಬೇಡವೆಂದು ಒಂದು ಹೊರೆ ಒಣಹುಲ್ಲು ಸ್ಲೆಡ್‌ನಲ್ಲಿ ಹೇರಿಕೊಂಡು ಹೋಗಿ ಕಾಡಿನಲ್ಲೇ ಬಿಡಾರ ಹೂಡುತ್ತಾರೆ. ಚೆಕ್‌ಪಾಯಿಂಟ್‌ನಲ್ಲಿ ಬರೀ ಹತ್ತು ನಿಮಿಷ ನಿಂತು ಹೊರಟರು ಅಂದರೆ ಹುಮ್ಮಸ್ಸು ಅಂತಲ್ಲ, ಮುಂದೆಲ್ಲೋ ಮಲಗುತ್ತಾರೆ ಅಂತ. ಟ್ರ್ಯಾಕರ್ ಕೆಲವೊಮ್ಮೆ ಹೊತ್ತುಗಟ್ಟಲೆ ಸುದ್ದಿಯನ್ನೇ ಕಳಿಸುವುದಿಲ್ಲ, ಮತ್ತೆ ಕೆಲವೊಮ್ಮೆ ಬೆಟ್ಟ ಹಾರಿದ ಹಾಗೆ ತೋರಿಸುತ್ತದೆ. ಆ ಕ್ಷಣದ ವೇಗವನ್ನು ನಂಬಬೇಡಿ. ಚೆಕ್‌ಪಾಯಿಂಟ್‌ನ ಸಮಯ ಮಾತ್ರ ನಂಬಿ.

ನಾಯಿಗಳ ಸಂಖ್ಯೆ ಕಡಿಮೆಯಾಗುವುದು ಹೊಸಬರಿಗೆ ಹೊಟ್ಟೆ ತೊಳಸುವ ವಿಷಯ. 14ರಿಂದ 16 ನಾಯಿಗಳಿಂದ ಶುರುವಾದ ತಂಡ ನೋಮ್ ಮುಟ್ಟುವಾಗ ಹತ್ತೋ ಎಂಟೋ ಆಗಿರಬಹುದು. ಕಡೇಪಕ್ಷ ಐದು ನಾಯಿ ಎಳೆಯುತ್ತಿರಲೇಬೇಕು ಅಂತ ನಿಯಮ. ಉಳಿದವು ಏನಾದವು? ಹೆಚ್ಚಿನವನ್ನು ಕಾಲು ಉಳುಕಿದ್ದಕ್ಕೋ, ಸ್ನಾಯು ಬಿಗಿದಿದ್ದಕ್ಕೋ, ಸುಸ್ತಾಗಿದ್ದಕ್ಕೋ ಚೆಕ್‌ಪಾಯಿಂಟ್‌ನಲ್ಲಿ ಪಶುವೈದ್ಯರ ಕೈಗೆ ಒಪ್ಪಿಸಿರುತ್ತಾರೆ. ಅಲ್ಲಿಂದ ಸ್ವಯಂಸೇವಕ ಪೈಲಟ್‌ಗಳು ಸಣ್ಣ ವಿಮಾನಗಳಲ್ಲಿ ಅವನ್ನು ವಾಪಸ್ ಕರೆದೊಯ್ಯುತ್ತಾರೆ. ಈ ಪೈಲಟ್‌ಗಳ ಗುಂಪಿಗೆ ತಮಾಷೆಗೆ 'ಇಡಿಟರಾಡ್ ವಾಯುಸೇನೆ' ಅಂತ ಹೆಸರು. ಪ್ರತಿ ಮಷರ್ ಒಂದು ಪಶುವೈದ್ಯಕೀಯ ಪುಸ್ತಕ ಹೊತ್ತುಕೊಂಡೇ ಹೋಗಬೇಕು, ಚೆಕ್‌ಪಾಯಿಂಟ್‌ಗಳಲ್ಲಿ ತೋರಿಸಬೇಕು. ಓಟಕ್ಕೆ ಮೊದಲು ರಕ್ತಪರೀಕ್ಷೆ, ಇಸಿಜಿ ಎಲ್ಲ ಆಗುತ್ತದೆ. ಇಷ್ಟೆಲ್ಲ ಇದ್ದೂ ನಾಯಿಗಳು ಸತ್ತಿವೆ, 2024ರ ಓಟದಲ್ಲಿ ಮೂರು. ಈ ಓಟವನ್ನೇ ನಿಲ್ಲಿಸಿ ಅನ್ನುವ ಪ್ರಾಣಿದಯಾ ಸಂಘಟನೆಗಳೂ ಇವೆ, ಅವರ ಒತ್ತಡಕ್ಕೆ ದೊಡ್ಡ ಪ್ರಾಯೋಜಕರು ಹಿಂದೆ ಸರಿದದ್ದೂ ಇದೆ. ಅಭಿಮಾನಿ ಆದವರು ಇದನ್ನು ಓದದೆ ಪಕ್ಕಕ್ಕೆ ಸರಿಸಬಾರದು ಅಂತ ನನಗನ್ನಿಸುತ್ತದೆ. ನಾನಂತೂ ಇಷ್ಟವಾದ ಮಷರ್‌ನ ಸ್ಥಾನಕ್ಕಿಂತ ಮೊದಲು ನಾಯಿಗಳ ಲೆಕ್ಕ ನೋಡುತ್ತೇನೆ. ಹೊಟ್ಟೆಯಲ್ಲಿ ಸಂಕಟ ಇಟ್ಟುಕೊಂಡೇ ನೋಡುತ್ತೇನೆ.

ಅಂದಹಾಗೆ, ಚಿತ್ರಗಳಲ್ಲಿ ಕಾಣುವ ನೀಲಿಗಣ್ಣಿನ, ಸೊಂಪು ಕೂದಲಿನ ಹಸ್ಕಿಗಳನ್ನು ಇಲ್ಲಿ ಹುಡುಕಬೇಡಿ. ಹೆಚ್ಚಿನವು ಅಲಾಸ್ಕನ್ ಹಸ್ಕಿಗಳು, ಬೆರಕೆ ತಳಿ, ಇಪ್ಪತ್ತು ಇಪ್ಪತ್ತೈದು ಕಿಲೋ ತೂಕ, ಉದ್ದ ಕಾಲು, ನೋಡಿದರೆ "ಇದಾ?" ಅನ್ನಿಸುತ್ತದೆ. ಓಟದ ದಿನಗಳಲ್ಲಿ ಒಂದೊಂದು ನಾಯಿಗೆ ದಿನಕ್ಕೆ 10,000 ಕ್ಯಾಲೊರಿ ಬೇಕು. ಮುಂದೆ ಓಡುವವು ಲೀಡ್ ನಾಯಿಗಳು, ಅವಕ್ಕೆ ದಾರಿ ಹಿಡಿಯುವ ಬುದ್ಧಿ ಬೇಕು. ಅವುಗಳ ಹಿಂದಿನ ಜೋಡಿ ಸ್ವಿಂಗ್, ಸ್ಲೆಡ್‌ಗೆ ತೀರಾ ಹತ್ತಿರ ಇರುವ ಗಟ್ಟಿ ಮೈಯವು ವ್ಹೀಲ್. 'ಜೀ' ಅಂದರೆ ಬಲಕ್ಕೆ, 'ಹಾ' ಅಂದರೆ ಎಡಕ್ಕೆ. ಲಗಾಮು ಇಲ್ಲ, ಬರೀ ಬಾಯಿಮಾತು. ಒಂದೇ ಸೂಲಿನ ಮರಿಗಳಿಗೆಲ್ಲ ಒಂದೇ ಬಗೆಯ ಹೆಸರಿಡುವ ರೂಢಿ ಇದೆ, ಒಂದು ಸೂಲಿಗೆ ಮಸಾಲೆಗಳ ಹೆಸರು, ಇನ್ನೊಂದಕ್ಕೆ ನದಿಗಳ ಹೆಸರು, ಹೀಗೆ. ತಂಡದ ನಾಯಿಗಳ ಹೆಸರು ಗೊತ್ತಾದ ದಿನ ಚುಕ್ಕೆ ಚುಕ್ಕೆಯಾಗಿ ಉಳಿಯುವುದಿಲ್ಲ, ನೋಡಿ.

ಹವಾಮಾನವನ್ನು ನಮ್ಮ ಮೈಯ ಲೆಕ್ಕದಲ್ಲಿ ಓದಬೇಡಿ, ನಾಯಿಯ ಮೈಯ ಲೆಕ್ಕದಲ್ಲಿ ಓದಿ. ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಅಂದರೆ ಅವಕ್ಕೆ ಹಿತ. ಬಿಸಿಲೇರಿ ಹಿಮ ಕರಗತೊಡಗಿದರೆ ಕಷ್ಟ, ಮೈ ಕಾಯುತ್ತದೆ, ಹಾದಿ ಕೆಸರಿನ ಹಾಗೆ ಮೆತ್ತಗಾಗುತ್ತದೆ. ಆಗ ಮಧ್ಯಾಹ್ನ ಮಲಗಿಸಿ ರಾತ್ರಿ ಓಡಿಸುವವರ ಕೈ ಮೇಲಾಗುತ್ತದೆ. ಹಾದಿಯಲ್ಲಿ ಎದೆ ಹೊಡೆದುಕೊಳ್ಳುವ ಜಾಗಗಳನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಿ. ಫಿಂಗರ್ ಲೇಕ್ ದಾಟಿದ ಮೇಲೆ ಸಿಗುವ ಹ್ಯಾಪಿ ರಿವರ್ ಇಳಿಜಾರು, ಅಲಾಸ್ಕಾ ಪರ್ವತಸಾಲು ದಾಟುವ ರೈನಿ ಪಾಸ್, ಅದರಾಚೆ ರೋನ್‌ಗೆ ಇಳಿಯುವ ಡಾಲ್ಜೆಲ್ ಕಣಿವೆ. ಸ್ಲೆಡ್ ಮುರಿಯುವುದು, ಮೂಗು ಒಡೆಯುವುದು ಎಲ್ಲ ಸಾಮಾನ್ಯವಾಗಿ ಇಲ್ಲೇ. ಆಮೇಲೆ ಯೂಕಾನ್ ಮೇಲಿನ ಉದ್ದ ಏಕತಾನದ ಹಾದಿ. ನಾನು ನಿದ್ದೆ ಮಾಡಿಕೊಳ್ಳುವುದು ಆಗ. ಆ ಮೇಲೆ ಉನಲಕ್ಲೀಟ್‌ನಿಂದ ಕಡಲತೀರ, ಷಕ್ತೂಲಿಕ್‌ನಿಂದ ಕೊಯುಕ್‌ವರೆಗೆ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಓಟ, ಮರೆಗೆ ಒಂದು ಮರವೂ ಇಲ್ಲ, ಗಾಳಿ ಬಂದರೆ ಬಂತು.

ಇನ್ನು ಸಣ್ಣಪುಟ್ಟ ನಿಯಮಗಳನ್ನೂ ಓದಿಟ್ಟುಕೊಳ್ಳಿ, ಯಾವುದು ಯಾವಾಗ ಓಟ ತಿರುಗಿಸುತ್ತದೋ ಹೇಳಲಾಗದು. 2024ರಲ್ಲಿ ಡಾಲಸ್ ಸೀವಿ ದಾರಿಯಲ್ಲಿ ನಾಯಿಗಳ ಮೇಲೆ ಬಿದ್ದ ಮೂಸ್‌ಗೆ, ಅಂದರೆ ಅಲ್ಲಿನ ದೈತ್ಯ ಜಿಂಕೆಗೆ, ಗುಂಡು ಹೊಡೆಯಬೇಕಾಯಿತು. ಹಾಗೆ ಕೊಂದ ಪ್ರಾಣಿಯ ಮಾಂಸ ಹಾಳಾಗದಂತೆ ಕರುಳು ತೆಗೆದು ಹೋಗಬೇಕು ಅಂತ ನಿಯಮ ಇದೆ. ಅದನ್ನು ಸರಿಯಾಗಿ ಮಾಡಲಿಲ್ಲವೆಂದು ಅವರಿಗೆ 2 ಗಂಟೆ ದಂಡ ಬಿತ್ತು, ಇಪ್ಪತ್ನಾಲ್ಕರ ಜೊತೆ ಸೇರಿಸಿದರು. ಆದರೂ ಗೆದ್ದರು. ಅದು ಅವರ ಆರನೇ ಗೆಲುವು, ಅಷ್ಟು ಸಲ ಬೇರಾರೂ ಗೆದ್ದಿರಲಿಲ್ಲ.

ಹಳೆಯ ಕಥೆಗಳನ್ನು ಓಟಕ್ಕೆ ಮುಂಚಿನ ವಾರಗಳಲ್ಲೇ ಓದಿ, ಓಟದ ನಡುವೆ ಪುರುಸೊತ್ತು ಸಿಗುವುದಿಲ್ಲ. 1925ರಲ್ಲಿ ನೋಮ್‌ಗೆ ಗಂಟಲಮಾರಿ ಬಂದಾಗ 20 ಮಷರ್‌ಗಳು ಕೈಯಿಂದ ಕೈಗೆ ಔಷಧಿ ದಾಟಿಸಿದ್ದು, ಹೆಸರು ಬಾಲ್ಟೋ ಎಂಬ ನಾಯಿಗೆ ಬಂದರೂ ಅತಿ ಉದ್ದದ, ಅಪಾಯದ ಹಾದಿ ಓಡಿದ್ದು ಟೋಗೋ ಆಗಿದ್ದು. 1973ರಲ್ಲಿ ಜೋ ರೆಡಿಂಗ್ಟನ್ ಮುಂದಾಳಾಗಿ ನೋಮ್‌ವರೆಗಿನ ಮೊದಲ ಓಟ ನಡೆಸಿದ್ದು. ಅವತ್ತು ಗೆದ್ದವರಿಗೇ 20 ದಿನ ಬೇಕಾಗಿತ್ತು. ರೆಡಿಂಗ್ಟನ್ ಅವರ ಮೊಮ್ಮಗ ರಯಾನ್ 2023ರಲ್ಲಿ ಗೆದ್ದರು. 1985ರಲ್ಲಿ ಎಲ್ಲರೂ ಬಿರುಗಾಳಿಗೆ ಹೆದರಿ ಕೂತಾಗ ಲಿಬ್ಬಿ ರಿಡಲ್ಸ್ ಹೊರಟು ಗೆದ್ದ ಮೊದಲ ಮಹಿಳೆ ಆಗಿದ್ದು, ಅದರ ಬೆನ್ನಿಗೆ ಸೂಸನ್ ಬುಚರ್ ನಾಲ್ಕು ಸಲ ಗೆದ್ದಿದ್ದು. 1978ರಲ್ಲಿ ಡಿಕ್ ಮ್ಯಾಕಿ ಒಂದೇ ಒಂದು ಸೆಕೆಂಡಿನಲ್ಲಿ ರಿಕ್ ಸ್ವೆನ್ಸನ್‌ರನ್ನು ಸೋಲಿಸಿದ್ದು. ಹದಿನಾಲ್ಕು ದಿನ ಓಡಿ ಒಂದು ಸೆಕೆಂಡು! ಲೀಡ್ ನಾಯಿಯ ಮೂಗು ಗೆರೆ ದಾಟಿದ್ದೇ ಲೆಕ್ಕ.

ಈಗ ಕೊನೆಯ 77 ಮೈಲಿ. ಬೇರೆ ಯಾವ ರಾತ್ರಿ ಮಲಗಿದರೂ ಈ ರಾತ್ರಿ ಮಲಗಬೇಡಿ. ವೈಟ್ ಮೌಂಟನ್‌ನ ಎಂಟು ಮುಗಿಸಿ ತಂಡಗಳು ಹೊರಡುವಾಗ ಮೊದಲ ಸಲ ನಕ್ಷೆ ಸುಳ್ಳು ಹೇಳುವುದಿಲ್ಲ, ಯಾಕೆಂದರೆ ಎಲ್ಲರ ಕಡ್ಡಾಯ ನಿದ್ದೆಯೂ ಮುಗಿದಿದೆ. ಮುಂದಿದ್ದವರೇ ಮುಂದೆ. ಎಷ್ಟೋ ವರ್ಷ ಇಲ್ಲಿಗೆ ಓಟ ಮುಗಿದ ಹಾಗೆಯೇ. ಆದರೆ 2014 ನೆನಪಿರಲಿ. ಜೆಫ್ ಕಿಂಗ್ ಮೊದಲು ಹೊರಟಿದ್ದರು, ಹಿಂದೆ ಏಲಿ ಜರ್ಕಲ್, ಆಮೇಲೆ ಬಹಳ ಹಿಂದೆ ಡಾಲಸ್ ಸೀವಿ. ಸೇಫ್ಟಿ ಎಂಬ ಕೊನೆಯ ಚೆಕ್‌ಪಾಯಿಂಟ್‌ಗೆ ಸ್ವಲ್ಪ ಮೊದಲು ಬಿರುಗಾಳಿ ಎದ್ದು ಕಿಂಗ್ ಅವರ ತಂಡವನ್ನು ಹಾದಿಯಿಂದ ಆಚೆ ತಳ್ಳಿತು, ನಾಯಿಗಳು ಎದ್ದೇಳಲಿಲ್ಲ, ಅವರು ಓಟ ಬಿಟ್ಟರು. ಜರ್ಕಲ್ ಅವರನ್ನು ದಾಟಿ ಸೇಫ್ಟಿ ಮುಟ್ಟಿ, ಗಾಳಿ ಇಳಿಯಲಿ ಅಂತ ಅಲ್ಲೇ ಕೂತರು. ಸೀವಿ ಸೇಫ್ಟಿಗೆ ಬಂದವರು ನಿಲ್ಲದೆ ಹೊರಟುಬಿಟ್ಟರು. ಅವರಿಗೆ ತಾವು ಮೂರನೆಯವರು ಅಂತಲೇ ಭಾವನೆ. ಹಿಂದೆ ಒಂದು ದೀಪ ಬೆನ್ನಟ್ಟಿ ಬರುತ್ತಿದ್ದಾಗ ಅದು ತಮ್ಮ ಅಪ್ಪ ಮಿಚ್ ಅಂದುಕೊಂಡಿದ್ದರು. ಅಪ್ಪನಿಗೆ ಮೂರನೇ ಸ್ಥಾನ ಬಿಡಬಾರದು ಅಂತ ಓಡಿಸಿಕೊಂಡು ಬಂದು ನೋಮ್‌ನಲ್ಲಿ ಕೂತಾಗಲೇ ತಾವು ಗೆದ್ದದ್ದು ಗೊತ್ತಾಗಿದ್ದು. ಜರ್ಕಲ್ ಬಂದದ್ದು 2 ನಿಮಿಷ 22 ಸೆಕೆಂಡ್ ತಡವಾಗಿ. ಅಷ್ಟು ಹೊತ್ತೂ ನಕ್ಷೆ ನೋಡುತ್ತಿದ್ದ ಅಭಿಮಾನಿಗಳಿಗೆಲ್ಲ ಯಾರು ಮುಂದಿದ್ದಾರೆ ಅಂತ ಗೊತ್ತಿತ್ತು, ಓಡಿಸುತ್ತಿದ್ದ ಸೀವಿಗೆ ಮಾತ್ರ ಗೊತ್ತಿರಲಿಲ್ಲ.

ಮೊದಲನೆಯವರು ನೋಮ್ ಹತ್ತಿರ ಬಂದಾಗ ಊರಿನ ಸೈರನ್ ಕೂಗುತ್ತದೆ, ಎಂಥ ಅಪರಾತ್ರಿಯಾದರೂ ಜನ ಫ್ರಂಟ್ ಸ್ಟ್ರೀಟ್‌ಗೆ ಓಡಿ ಬರುತ್ತಾರೆ. ನೇರ ಪ್ರಸಾರದಲ್ಲಿ ಅದನ್ನು ಕೇಳಿ. ಮರದ ಕಮಾನಿನ ಕೆಳಗೆ ಲೀಡ್ ನಾಯಿಗಳ ಕೊರಳಿಗೆ ಹಳದಿ ಗುಲಾಬಿ ಹಾರ ಹಾಕುತ್ತಾರೆ. ಅರ್ಧ ಜನ ಅಲ್ಲಿಗೆ ನೋಡುವುದು ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ, ಯಾಕೆಂದರೆ ಕಮಾನಿಗೆ ಒಂದು ಲಾಟೀನು ತೂಗುಹಾಕಿರುತ್ತಾರೆ. ಹಿಂದೆ ಅಂಚೆ ಹೊತ್ತು ಹೋಗುವ ಸ್ಲೆಡ್ ದಾರಿಯಲ್ಲಿದೆ ಅಂತ ತಿಳಿಸಲು ತಂಗುದಾಣಗಳಲ್ಲಿ ಇಂಥ ದೀಪ ಹಚ್ಚಿಡುತ್ತಿದ್ದರಂತೆ. ಓಟ ಶುರುವಾದಾಗ ಹಚ್ಚಿದ ದೀಪ, ಕೊನೆಯ ತಂಡ ಹಾದಿ ಮುಗಿಸುವವರೆಗೆ ಉರಿಯುತ್ತಲೇ ಇರುತ್ತದೆ. ಕೊನೆಗೆ ಬಂದವರಿಗೆ 'ಕೆಂಪು ಲಾಟೀನು' ಪ್ರಶಸ್ತಿ, ದೀಪ ಆರಿಸುವುದೂ ಅವರೇ. 1973ರಲ್ಲಿ ಜಾನ್ ಷುಲ್ಟ್ಜ್ ಅದನ್ನು ಪಡೆಯಲು 32 ದಿನ ತೆಗೆದುಕೊಂಡಿದ್ದರು.

ಆದ್ದರಿಂದ ಆ ಐದಾರು ತಂಡಗಳಲ್ಲಿ ಒಂದಾದರೂ ಪಟ್ಟಿಯ ಬುಡದಿಂದ ಆರಿಸಿಕೊಳ್ಳಿ, ಅದೂ ಮೊದಲ ಸಲ ಓಡುವವರದು. ಇವರನ್ನು ರೂಕಿ ಅನ್ನುತ್ತಾರೆ. ಇಲ್ಲಿಗೆ ಬರಲು ಬೇರೆ ಓಟಗಳಲ್ಲಿ ಒಟ್ಟು 750 ಮೈಲಿ ಮುಗಿಸಿ ಅರ್ಹತೆ ಗಳಿಸಿರುತ್ತಾರೆ. ಆ ಓಟಗಳನ್ನೂ ನೋಡಬಹುದು, ಜನವರಿಯಲ್ಲೇ ಕಾಪರ್ ಬೇಸಿನ್ 300, ಬೆಥೆಲ್ ಊರಿನ ಕುಸ್ಕೊಕ್ವಿಮ್ 300 ನಡೆಯುತ್ತವೆ. ಮೂರೇ ದಿನದ ಆಟ, ಇಪ್ಪತ್ನಾಲ್ಕರ ತಲೆನೋವಿಲ್ಲ, ಚುಕ್ಕೆ ಓದುವ ಅಭ್ಯಾಸಕ್ಕೆ ಹೇಳಿ ಮಾಡಿಸಿದ ಹಾಗಿವೆ. ಅಲ್ಲಿ ಹಿಂದೆ ಬಿದ್ದರೂ ನಾಯಿಗಳನ್ನು ಕಳೆದುಕೊಳ್ಳದೆ ಮುಗಿಸಿದ ಹೆಸರುಗಳಿಗೆ ನೋಟ್‌ಬುಕ್‌ನಲ್ಲಿ ಒಂದು ಗೆರೆ ಎಳೆದಿಟ್ಟುಕೊಳ್ಳಿ, ಮಾರ್ಚ್‌ನಲ್ಲಿ ಮೊದಲು ಹುಡುಕಬೇಕಾದ ಚುಕ್ಕೆಗಳು ಅವೇ.